ಎರಡೂ ಒಂದೇ ಎಂದ ಮೇಸ್ತ್ರಿ

ಸೋಮವಾರ ಬೆಳಿಗ್ಗೆ 10.20ಕ್ಕೆ ಟ್ಯಾಕ್ಸಿ ಚಾಲಕನ ಹೆಂಡತಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟಳು. ಮೂರು ದಿನದ ಹಿಂದೆ ಆ ಟ್ಯಾಕ್ಸಿ ರಸ್ತೆಬದಿಯ ಗೋಡೆಗೆ ಬಡಿದು ಪ್ರಯಾಣಿಕರೊಬ್ಬರು ಸತ್ತಿದ್ದರು. ಅತಿವೇಗವೆಂದು ಎಫ್‌ಐಆರ್ ಆಗಿತ್ತು. ಕಾಲು ಮುರಿದಿದ್ದ ಚಾಲಕ ಆಸ್ಪತ್ರೆಯಿಂದ ಹೊರಬಂದರೆ ನೇರ ಜೈಲಿಗೆ.

"ಗೋಡೆಗೆ ಬಡಿಯೋಕೆ ಮೊದಲೇ ಚಕ್ರ ಮಡಚ್ಕೊಂಡಿತ್ತಂತೆ ಸಾರ್. ಅವರು ಜೋರಾಗಿ ಓಡಿಸೋರಲ್ಲ. ಮನೇಲಿ ಆಮೆ ಅಂತಲೇ ರೇಗಿಸ್ತೀವಿ."

ಗಂಡನ ಪರವಾಗಿ ಹೆಂಡತಿ ಆಡುವ ಮಾತನ್ನು ಇನ್‌ಸ್ಪೆಕ್ಟರ್ ಅಷ್ಟು ಸುಲಭಕ್ಕೆ ನಂಬುವವರಲ್ಲ. ಆದರೆ ರಸ್ತೆಯ ಮೇಲಿನ ಗೀರು ಗೋಡೆಗೆ ಇಪ್ಪತ್ತು ಅಡಿ ಮೊದಲೇ ಶುರುವಾಗಿದ್ದು ಸ್ಥಳ ಪಂಚನಾಮೆಯಲ್ಲೇ ಇತ್ತು. ಯಾರೂ ಅದರ ಗೋಜಿಗೆ ಹೋಗಿರಲಿಲ್ಲ, ಅವರೂ ಸೇರಿ. 11.45ಕ್ಕೆ ಪಂಚರ ಸಮಕ್ಷಮ ಕಾರಿನ ಮುಂಚಕ್ರ ಬಿಚ್ಚಿಸಿದರು.

ಮೋಟಾರು ವಾಹನ ನಿರೀಕ್ಷಕರು ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳನ್ನು ಎತ್ತಿ ತೋರಿಸಿದರು. "ಕಾರು ಹೊಸ ಮಾಡೆಲ್, ಈ ಲೋವರ್ ಆರ್ಮ್ ಹಳೇ ಮಾಡೆಲಿಂದು. ನೋಡೋಕೆ ಅವಳಿ ಜವಳಿ. ಹೊಸದರಲ್ಲಿ ತುದಿಯ ಪಿನ್ನು ಎರಡು ಮಿಲಿಮೀಟರ್ ಜಾಸ್ತಿ ದಪ್ಪ. ಇದು ತೂತಲ್ಲಿ ಅಲ್ಲಾಡುತ್ತೆ."

"ಅಲ್ಲಾಡದ ಹಾಗೆ ಏನೋ ತುರುಕಿದಾರೆ ಸಾರ್," ಎಂದು ಕಾನ್‌ಸ್ಟೇಬಲ್ ಚಿಮುಟದಿಂದ ಒಂದು ನೀಲಿ ತಗಡಿನ ಸುರುಳಿ ಎಳೆದ. ಅಳತೆ ಬರೆದು ಸೀಲು ಹಾಕಿದರು.

ಆ ಆರ್ಮ್ ಹಾಕಿದ್ದು ಅಪಘಾತಕ್ಕೆ ಹನ್ನೊಂದು ದಿನ ಮೊದಲು, ಹಿರಿಯ ಮೇಸ್ತ್ರಿಯೊಬ್ಬನ ಗ್ಯಾರೇಜಿನಲ್ಲಿ ಎಂದು ಚಾಲಕ ಆಸ್ಪತ್ರೆಯಲ್ಲಿ ಹೇಳಿಕೆ ಕೊಟ್ಟ. 2.30ಕ್ಕೆ ಪೊಲೀಸರು ಅಲ್ಲಿದ್ದರು. ಬೆಂಚಿನ ಕೆಳಗೆ ನೀಲಿ ಗ್ರೀಸ್ ಡಬ್ಬ ಸಿಕ್ಕಿತು. ಅದರಲ್ಲಿ ಕತ್ತರಿಸಿದ ಜಾಗ ಪಂಚನಾಮೆಯ ಅಳತೆಗೆ ಸರಿಹೋಯಿತು.

"ಮೂವತ್ತು ವರ್ಷದಿಂದ ಇದೇ ಕೆಲಸ ಸಾರ್," ಎಂದ ಮೇಸ್ತ್ರಿ. "ಎರಡು ಮಾಡೆಲ್ಲೂ ಒಂದೇ."

ಅವನ ಜೊತೆ ಕೆಲಸ ಮಾಡುವ ಮಗಳು ಸ್ಪ್ಯಾನರ್ ಕೆಳಗಿಟ್ಟು, ಕಪಾಟಿನಿಂದ ಉದ್ದನೆಯ ಪೆಟ್ಟಿಗೆಯೊಂದನ್ನು ತಂದಳು. ಟೇಪು ಬಿಚ್ಚಿರಲಿಲ್ಲ. ಮೇಲೆ ಅವಳ ಕೈಬರಹದಲ್ಲಿ ಟ್ಯಾಕ್ಸಿಯ ನಂಬರಿತ್ತು.

"ಬೇರೆ ಬೇರೆ ಅಂತ ಅವತ್ತೇ ಹೇಳಿದೆ. ನನಗೇ ಪಾಠ ಹೇಳ್ತೀಯಾ ಅಂದ್ರು ಅಪ್ಪ, ಡ್ರೈವರ್ ಎದುರಿಗೇ. ಮಾರನೇ ದಿನ ಸರಿಯಾದ್ದು ತರಿಸಿಟ್ಟೆ. ಹಾಕ್ತೀನಿ ಬಿಡು ಅಂದ್ರು."

4.10ಕ್ಕೆ ಮೇಸ್ತ್ರಿಯನ್ನು ಬಂಧಿಸಲಾಯಿತು. ಬಂಧನದ ಪತ್ರಕ್ಕೆ ಮನೆಯವರ ಸಹಿ ಬೇಕಿತ್ತು. ಮಗಳು ಅಳುತ್ತಲೇ ಹಾಕಿದಳು. ಚಾಲಕನನ್ನು ಬಂಧಿಸುವುದಿಲ್ಲವೆಂದು ಕಾನ್‌ಸ್ಟೇಬಲ್ ಅವನ ಹೆಂಡತಿಗೆ ಫೋನ್ ಮಾಡಿ ತಿಳಿಸಿದ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು. "ಆ ಪೆಟ್ಟಿಗೆ ನೋಡಿದ್ರಾ?"

"ದಿನಾ ನೋಡ್ತಿದ್ದೆ."

"ಗಾಡೀನ ವಾಪಸ್ ಕರೆಸಬಹುದಿತ್ತಲ್ಲ?"

ಮೇಸ್ತ್ರಿ ಗ್ರೀಸ್ ಮೆತ್ತಿದ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ.

"ಕರೆಸಿದ್ರೆ ನಾನು ಹಾಕಿದ್ದನ್ನ ಮಗಳ ಎದುರಿಗೆ ಬಿಚ್ಚಬೇಕಿತ್ತು ಸಾರ್."