ಮೇಷ್ಟ್ರು ತೀರಿಕೊಂಡ ಚಳಿಗಾಲ

ಗಾರ್ಸೈಡ್ ಮೇಷ್ಟ್ರು ತಮ್ಮ ದೇಶದ ಪರಿಹಾರ ಕಚೇರಿಗೆ ಮೂರು ವರ್ಷಗಳಲ್ಲಿ ಹದಿನೇಳು ಕಾಗದ ಬರೆದಿದ್ದರು. ಒಂದಕ್ಕೂ ಉತ್ತರ ಬಂದಿರಲಿಲ್ಲ. ಹೊರನಾಡಿನಲ್ಲಿ ನೆಲೆಸಿದ ನಿವೃತ್ತರಿಗೆ ಮನೆ ಬೆಚ್ಚಗಿಡಲೆಂದು ಸರ್ಕಾರ ಕೊಡುವ ಚಳಿಗಾಲದ ಪರಿಹಾರವು ಬೆನಾರ್ದಾ ಎಂಬ ಆ ಸ್ಪೇನಿನ ಗುಡ್ಡದೂರಿನಲ್ಲಿದ್ದ ನಲವತ್ತು ಮಂದಿ ಬ್ರಿಟಿಷ್ ಮುದುಕ ಮುದುಕಿಯರಿಗೆಲ್ಲ ನವೆಂಬರಿನಲ್ಲಿ ತಪ್ಪದೆ ಬರುತ್ತಿತ್ತು. ಬಸ್ಸು ಓಡಿಸಿ ನಿವೃತ್ತನಾದ ಸ್ಟ್ಯಾನ್ಲಿಗೆ ಬರುತ್ತಿತ್ತು. ಕಿವಿ ಮಂದವಾದ ವೇಲ್ಸಿನ ಮುದುಕಿ ಡಿಲಿಸ್‌ಗೆ ಬರುತ್ತಿತ್ತು. ಮೂವತ್ತೆಂಟು ವರ್ಷ ಮಕ್ಕಳಿಗೆ ಕಾಗುಣಿತ ಕಲಿಸಿದ ಹೆಡ್‌ಮಾಸ್ಟರ್ ಎಡ್ವಿನ್ ಗಾರ್ಸೈಡರಿಗೆ ಮಾತ್ರ ಬರುತ್ತಿರಲಿಲ್ಲ.

ಸ್ಪೇನೆಂದರೆ ಸದಾ ಬಿಸಿಲು ಎಂದು ನಂಬಿದವರು ಬೆನಾರ್ದಾದ ಕಲ್ಲುಮನೆಗಳಲ್ಲಿ ಒಂದು ಜನವರಿ ಕಳೆಯಬೇಕು. ನೆಲದ ಹೆಂಚು ಮಂಜುಗಡ್ಡೆಯಂತೆ ಕೊರೆಯುತ್ತದೆ. ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರಿನ ಮೇಲೆ ಉರಿಯುವ ಒಂದು ಒಲೆಯ ಸುತ್ತ ಇಡೀ ಸಂಸಾರ ಮುದುಡಿ ಕೂರುತ್ತದೆ. ಮೇಷ್ಟ್ರಿಗೆ ತಮ್ಮ ಚಳಿಯ ಚಿಂತೆ ಇರಲಿಲ್ಲ. ಹೆಂಡತಿ ಮ್ಯೂರಿಯಲ್ ಭಾನುವಾರಗಳಂದು ಊರಿನ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದರು. ಚಳಿಗೆ ಆಕೆಯ ಬೆರಳಿನ ಗೆಣ್ಣುಗಳು ಊದಿಕೊಂಡು, ಹಿಂದಿನ ಕ್ರಿಸ್‌ಮಸ್‌ಗೆ ಮೂರನೆಯ ಹಾಡಿನ ನಡುವೆಯೇ ಕೈ ನಿಂತುಬಿಟ್ಟಿತ್ತು. ಆಕೆ ಮುಚ್ಚಳ ಮುಚ್ಚಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಆ ಮುಚ್ಚಳ ಬಿದ್ದ ಸದ್ದು ಮೇಷ್ಟ್ರ ಎದೆಯಲ್ಲಿ ಹಾಗೇ ಉಳಿದುಬಿಟ್ಟಿತು. ಹಗಲಿಡೀ ಬೆಚ್ಚಗಿರುವ ಒಂದು ಕೋಣೆ ಸಿಕ್ಕರೆ ಆ ಬೆರಳುಗಳು ಮತ್ತೆ ಆಡುತ್ತಿದ್ದವು.

ಹದಿನೆಂಟನೆಯ ಕಾಗದ ಬರೆಯಲು ಕೂತ ದಿನವೇ ಏಪ್ರಿಲ್ ತಿಂಗಳ ಟಪಾಲಿನಲ್ಲಿ ಕಚೇರಿಯ ಲಕೋಟೆ ಬಂತು. ಅದು ಮ್ಯೂರಿಯಲ್ ಹೆಸರಿಗಿತ್ತು. ಮಾರ್ಚ್ ಒಂಬತ್ತರಂದು ನಿಧನರಾದ ತಮ್ಮ ಪತಿ ಶ್ರೀ ಎಡ್ವಿನ್ ಗಾರ್ಸೈಡ್ ಅವರ ಬಗ್ಗೆ ಕಚೇರಿ ಸಂತಾಪ ಸೂಚಿಸಿತ್ತು. ವಿಧವೆಯಾದ ತಮಗೆ ಮುಂದಿನ ಚಳಿಗಾಲದಿಂದ ಇಮ್ಮಡಿ ಪರಿಹಾರ ಸಲ್ಲುತ್ತದೆ, ಜೊತೆಗಿಟ್ಟ ಫಾರಂ ತುಂಬಿ ಕಳಿಸಿರಿ ಎಂದಿತ್ತು.

ಮೇಷ್ಟ್ರು ಎರಡು ಸಲ ಓದಿದರು. ಕಚೇರಿಯವರು ತಮ್ಮ ಹೆಸರು ಬರೆದದ್ದೇ ಅದು ಮೊದಲು, ಕಾಗುಣಿತವೂ ಸರಿಯಾಗಿತ್ತು.

"ಮಾರ್ಚ್ ಒಂಬತ್ತಕ್ಕೆ ನಾನೇನು ಮಾಡ್ತಿದ್ದೆ, ಮ್ಯೂರಿಯಲ್?"

"ದವಡೆ ಹಲ್ಲು ಕೀಳಿಸ್ಕೊಂಡು ಬಂದು ದಿನವೆಲ್ಲ ಗೊಣಗ್ತಾ ಮಲಗಿದ್ದೆ. ಯಾಕೆ?"

"ಹಲ್ಲಿನ ಜೊತೆ ನಾನೂ ಹೋದೆನಂತೆ ನೋಡು."

ಮ್ಯೂರಿಯಲ್ ಕನ್ನಡಕ ಹಾಕಿಕೊಂಡು ಓದಿದರು. "ಪಾಪ, ಯಾವುದೋ ಹುಡುಗಿ ತಪ್ಪು ಗೆರೆ ಮೇಲೆ ಬೆರಳಿಟ್ಟಿದಾಳೆ. ಈಗಲೇ ಬರೆದು ತಿಳಿಸಿಬಿಡು."

ತಿಳಿಸಲೆಂದೇ ಮೇಷ್ಟ್ರು ಪೆನ್ನು ತೆಗೆದರು. ಆದರೆ ಪೆನ್ನು ಕಾಗದಕ್ಕೆ ತಾಗಲಿಲ್ಲ. ಬದುಕಿದ್ದಾಗ ಹದಿನೇಳು ಕಾಗದಕ್ಕೆ ಕಿವುಡಾಗಿದ್ದ ಕಚೇರಿ, ಸತ್ತ ಒಂದೇ ತಿಂಗಳಿಗೆ ತಾನಾಗಿ ಬಾಗಿಲು ತಟ್ಟಿತ್ತು. ತಾವು ಯಾರಿಗೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವರು ಅವರು. ಅದನ್ನು ತಿದ್ದದೇ ಇರುವುದು ಮಾತ್ರ ತಮ್ಮ ಪಾಲಿನ ಕೆಲಸ. ಜೀವಮಾನವಿಡೀ ತಪ್ಪು ತಿದ್ದಿದ ಮನುಷ್ಯ ಒಂದೇ ಒಂದು ತಪ್ಪನ್ನು ಹಾಗೇ ಬಿಟ್ಟರೆ ಆಕಾಶ ಬೀಳುವುದಿಲ್ಲ. ಅವರು ಕಾಗದ ಬದಿಗಿಟ್ಟು ಫಾರಂ ತುಂಬತೊಡಗಿದರು.

"ಕಚೇರಿಗೇನೋ ಫಾರಂ ತುಂಬ್ತೀಯ. ದೇವರಿಗೆ ಯಾವ ಫಾರಂ ತುಂಬ್ತೀಯ ಎಡ್ವಿನ್?" ಎಂದರು ಮ್ಯೂರಿಯಲ್.

"ನಿನ್ನ ಕೈಗಳು ಅವನದೇ ಹಾಡು ನುಡಿಸೋದಕ್ಕೆ ತಾನೇ? ಅವನೂ ಸ್ವಲ್ಪ ಸಹಕರಿಸಲಿ."

ಮ್ಯೂರಿಯಲ್ ಬಹಳ ಹೊತ್ತು ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಸಹಿ ಹಾಕಿದರು. ಸಹಿ ಹಾಕಿದ ಮೇಲೆ ಎರಡು ದಿನ ಗಂಡನೊಡನೆ ಮಾತಾಡಲಿಲ್ಲ. ವಿಧವೆಗೆ ತಕ್ಕ ನಡವಳಿಕೆಯೆಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು.

ಅಂದಿನಿಂದ ಮೇಷ್ಟ್ರು ಪಾಠದ ಟಿಪ್ಪಣಿ ಬರೆಯುವಷ್ಟೇ ಶಿಸ್ತಿನಿಂದ ತಮ್ಮ ಸಾವನ್ನು ಸಿದ್ಧಪಡಿಸತೊಡಗಿದರು. ಶಾಲೆಯ ಪಿಂಚಣಿ ಬರುವುದು ಬೇರೆ ಕಚೇರಿಯಿಂದ. ಆ ಎರಡು ಕಚೇರಿಗಳು ಒಂದರ ಮುಖ ಇನ್ನೊಂದು ನೋಡಿದ್ದೇ ಇಲ್ಲ. ಬ್ಯಾಂಕಿನ ಖಾತೆ ಮೊದಲಿನಿಂದಲೂ ಮ್ಯೂರಿಯಲ್ ಹೆಸರಿನಲ್ಲಿತ್ತು. ಟಪಾಲು ಡಬ್ಬಿಯ ಮೇಲಿದ್ದ ತಮ್ಮ ಹೆಸರನ್ನು ಮರಳು ಕಾಗದದಿಂದ ಉಜ್ಜಿ ಅಳಿಸಿದರು. ಹಿಂದಿನ ಹದಿನೇಳು ಕಾಗದಗಳ ಪ್ರತಿಗಳನ್ನು ತೋಟದ ಮೂಲೆಯಲ್ಲಿ ಸುಟ್ಟರು. ತಮ್ಮ ಹೆಸರು ಆ ಕಚೇರಿಯ ಮೇಜಿಗೆ ತಲುಪಬಹುದಾದ ದಾರಿಗಳನ್ನೆಲ್ಲ ಹೀಗೆ ಒಂದೊಂದಾಗಿ ಮುಚ್ಚಿದರು. ಊರಿನಲ್ಲಿ ಯಾರಿಗೂ ಏನೂ ತಿಳಿಯಬೇಕಾಗಿರಲಿಲ್ಲ. ಬೆನಾರ್ದಾದಲ್ಲಿ ಬದುಕಿರುವುದು, ಸಾವಿರ ಮೈಲಿ ಆಚೆ ಸತ್ತಿರುವುದು. ಎರಡನ್ನೂ ಒಬ್ಬನೇ ಮನುಷ್ಯ ನೆಮ್ಮದಿಯಾಗಿ ಮಾಡಬಹುದೆಂದು ಅವರಿಗೆ ಖಾತ್ರಿಯಾಯಿತು.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. ಮ್ಯೂರಿಯಲ್ ತೋಟದಲ್ಲಿದ್ದರು. ಮೇಷ್ಟ್ರು ಎತ್ತಿದರು.

"ಮಿಸೆಸ್ ಗಾರ್ಸೈಡ್ ಇದಾರಾ? ಪರಿಹಾರ ಕಚೇರಿಯಿಂದ ಮಾತಾಡ್ತಿರೋದು."

"ಹೊರಗಿದಾಳಮ್ಮ. ನಾನು ಅವಳಣ್ಣ."

"ತಮ್ಮ ಹೆಸರು ಸರ್?"

ಎಲ್ಲಕ್ಕೂ ಸಿದ್ಧರಾಗಿದ್ದ ಮೇಷ್ಟ್ರು ಹೆಸರೊಂದಕ್ಕೆ ಸಿದ್ಧರಾಗಿರಲಿಲ್ಲ. ಕಿಟಕಿಯಲ್ಲಿ ಬೆಕ್ಕು ಮಲಗಿತ್ತು. "ಪರ್ಸಿ," ಎಂದು ಅದರ ಹೆಸರನ್ನೇ ಹೇಳಿದರು.

"ನಿಮ್ಮ ಭಾವನವರ ವಿಷಯ ಕೇಳಿ ಬೇಜಾರಾಯ್ತು ಪರ್ಸಿ ಸರ್. ಕೊನೇಲಿ ನರಳಲಿಲ್ಲ ತಾನೇ?"

"ಇಲ್ಲಮ್ಮ. ಹಲ್ಲು ನೋವೊಂದಿತ್ತು, ಅಷ್ಟೇ."

"ಅಯ್ಯೋ, ಹಲ್ಲು ನೋವಿಗೇ..."

"ಅಲ್ಲಲ್ಲ! ಪೇಪರ್ ಓದ್ತಾ ಕೂತಿದ್ರು. ಟೀ ಆರಿಹೋಗ್ತಿದೆಯಲ್ಲ ಅಂತ ಕೂಗಿದ್ರೆ ಮಾತೇ ಇಲ್ಲ. ದೀಪ ಆರಿದ ಹಾಗೆ ಹೋಗಿಬಿಟ್ರು." ಹೇಳುತ್ತ ಹೇಳುತ್ತ ಮೇಷ್ಟ್ರು ಎದ್ದು ನಿಂತರು. "ಅಂಥ ಶಿಸ್ತಿನ ಮನುಷ್ಯ ಇನ್ನು ಸಿಗಲ್ಲ ಕಣಮ್ಮ. ಮೂವತ್ತೆಂಟು ವರ್ಷದಲ್ಲಿ ಒಂದು ದಿನ ಶಾಲೆಗೆ ತಡವಾಗಿ ಹೋದವರಲ್ಲ. ಊರೇ ಅತ್ತುಬಿಡ್ತು."

ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಮ್ಯೂರಿಯಲ್, "ಗೊರಕೆ ಹೊಡೀತಿದ್ರು ಅಂತಾನೂ ಹೇಳು," ಎಂದರು.

"ಯಾರದು ಸರ್?"

"ನನ್ನ ತಂಗಿ. ದುಃಖದಲ್ಲಿ ಏನೇನೋ ಆಡ್ತಾಳೆ."

ಮೇಷ್ಟ್ರು ಫೋನಿಟ್ಟರು. ತಮ್ಮ ಬಗ್ಗೆ ಅಷ್ಟು ಒಳ್ಳೆಯ ಮಾತುಗಳನ್ನು ಅವರು ಯಾವತ್ತೂ ಕೇಳಿರಲಿಲ್ಲ. ಮನುಷ್ಯ ಬದುಕಿರುವಾಗಲೇ ಒಮ್ಮೆ ಸತ್ತು ನೋಡಬೇಕು, ಆಗ ಲೋಕ ಎಷ್ಟು ಹಗುರವಾಗಿ ಕಾಣುತ್ತದೆ ಎಂದುಕೊಂಡರು. ಭಾನುವಾರ ಪ್ರಾರ್ಥನೆಗೆ ಕೂತಾಗ ಮಾತ್ರ, ಅಗಲಿದವರಿಗಾಗಿ ಬೇಡುವ ಹೊತ್ತು ಬಂದರೆ, ತಾವು ಬೇಡುವವರ ಸಾಲಿನಲ್ಲೋ ಆ ಇನ್ನೊಂದು ಸಾಲಿನಲ್ಲೋ ಎಂಬ ಸಣ್ಣ ಗೊಂದಲವಾಗುತ್ತಿತ್ತು. ಕಣ್ಣು ಮುಚ್ಚಿ ಎರಡೂ ಕಡೆಗೆ ಸಲ್ಲುವಂತೆ ಬೇಡಿಕೊಳ್ಳುತ್ತಿದ್ದರು.

ಬೇಸಿಗೆ ಕಳೆಯಿತು. ಯಾರಿಗೂ ಅನುಮಾನ ಬರಬಾರದೆಂದು ಮೇಷ್ಟ್ರು ಎಂದಿನ ಬದುಕನ್ನು ಒಂದೆಳೆಯೂ ತಪ್ಪದಂತೆ ನಡೆಸಿದರು. ಹನ್ನೊಂದು ಗಂಟೆಗೆ ಪಾಕೀಟಾಳ ಹೋಟೆಲಿನ ಮುಂದಿನ ಮೇಜು, ಅಲ್ಲಿ ಕಾಫಿ, ಸ್ಟ್ಯಾನ್ಲಿಯೊಡನೆ ಡಾಮಿನೊ ಬಿಲ್ಲೆಯಾಟ. ಅಕ್ಟೋಬರಿನಲ್ಲಿ ಬದುಕಿದ್ದೇವೆಂಬ ಸರ್ಟಿಫಿಕೇಟು ಕಳಿಸುವ ವಾರ ಬಂದಾಗ ಎಂದಿನಂತೆ ಊರವರೆಲ್ಲ ಅದೇ ಮೇಜಿನ ಮುಂದೆ ಸಾಲು ನಿಂತರು, ಎಂದಿನಂತೆ ಒಬ್ಬೊಬ್ಬರ ಮುಖ ನೋಡಿ ಮೇಷ್ಟ್ರು ಸಾಕ್ಷಿ ಹಾಕಿಕೊಟ್ಟರು, ಎಂದಿನಂತೆ ಡಿಲಿಸ್ ಒಂದು ಕೇಕು ತಂದುಕೊಟ್ಟಳು. ಮ್ಯೂರಿಯಲ್ ಪತ್ರಕ್ಕೆ ಮಾತ್ರ, ಸಂಬಂಧಿಕರ ಸಾಕ್ಷಿ ನಡೆಯದೆಂಬ ನಿಯಮವಿದ್ದುದರಿಂದ, ತಿಂಗಳಿಗೊಮ್ಮೆ ಕರಾವಳಿಯಿಂದ ಬರುವ ಪಾದ್ರಿಗಳ ಸಹಿ ಪಡೆದರು. ಅದರಲ್ಲಿ ಸುಳ್ಳೇನಿರಲಿಲ್ಲ. ಆಕೆ ಬದುಕಿದ್ದಾರೆ ಎಂದಷ್ಟೇ ಪಾದ್ರಿಗಳು ಬರೆದಿದ್ದರು.

ನವೆಂಬರ್ ಮೊದಲ ವಾರ ಪರಿಹಾರ ಬಂತು. ಇಮ್ಮಡಿಯಾಗಿಯೇ ಬಂತು. ಮೇಷ್ಟ್ರು ಹೊಸ ಒಲೆ ತಂದು, ಮನೆಯಲ್ಲಿ ಮ್ಯೂರಿಯಲ್ ಅಭ್ಯಾಸ ಮಾಡುವ ಪುಟ್ಟ ಆರ್ಗನ್ ಇದ್ದ ಕೋಣೆಯಲ್ಲಿಟ್ಟರು, ಗೋಡೆಯುದ್ದಕ್ಕೂ ಕಿತ್ತಳೆ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿದರು. ಎರಡು ವಾರಕ್ಕೆ ಮ್ಯೂರಿಯಲ್ ಬೆರಳಿನ ಊತ ಇಳಿಯಿತು. ಒಂದು ಮಧ್ಯಾಹ್ನ ಒಳಗಿನಿಂದ ಕ್ರಿಸ್‌ಮಸ್ ಹಾಡು ಮೊದಲಿನಿಂದ ಕೊನೆಯವರೆಗೆ ಕೇಳಿತು. ಮೇಷ್ಟ್ರು ಹೊಸಿಲ ಮೇಲೆ ನಿಂತು ಟೋಪಿ ತೆಗೆದರು. ತಮ್ಮ ಸಾವು ಸಾರ್ಥಕವಾಯಿತು ಎಂದುಕೊಂಡರು.

ಊರಿನಲ್ಲಿ ಮಾತ್ರ ಏನೋ ಎಡವಟ್ಟಾಗಿತ್ತು. ಬೇರೆ ಯಾರೊಬ್ಬರಿಗೂ ಪರಿಹಾರ ಬಂದಿರಲಿಲ್ಲ. ಡಿಸೆಂಬರ್ ಬಂತು. ಟಪಾಲಿನವನು ಬೀದಿಗೆ ಬಂದರೆ ನಲವತ್ತು ಕಿಟಕಿಗಳ ಪರದೆ ಸರಿಯುತ್ತಿದ್ದವು. ಅವನು ಮುಂದೆ ಹೋದರೆ ಮತ್ತೆ ಮುಚ್ಚಿಕೊಳ್ಳುತ್ತಿದ್ದವು.

"ಬಸ್ಸು ತಡವಾದ್ರೆ ಜನ ನನ್ನ ಬೈತಿದ್ರು," ಎಂದ ಸ್ಟ್ಯಾನ್ಲಿ ಡಾಮಿನೊ ಕುಟ್ಟುತ್ತ. "ಇವರನ್ನ ಬೈಯೋಕೆ ಮುಖಾನೇ ಇಲ್ವಲ್ಲ. ನಿಮಗೆ ಬಂತಾ ಮೇಷ್ಟ್ರೇ?"

"ನನಗೆ ಯಾವತ್ತು ಬಂದಿತ್ತಪ್ಪಾ?" ಎಂದರು ಮೇಷ್ಟ್ರು. ಅದೂ ನಿಜವೇ ಆಗಿತ್ತು.

"ಆದ್ರೂ ನಿಮ್ಮ ಮುಖ ನೋಡಿ, ಹತ್ತು ವರ್ಷ ಚಿಕ್ಕೋರಾಗಿದೀರ. ಎಲ್ಲರೂ ಚಳೀಲಿ ಸಾಯ್ತಿದ್ರೆ ನೀವೊಬ್ರೇ ಚಿಗುರ್ತಿದೀರ. ಏನು ತಿಂತೀರಿ?"

"ಚಿಂತೆ ಬಿಟ್ಟಿದೀನಿ."

ಡಿಲಿಸ್ ಹಗಲೂ ಕೋಟು ತೊಟ್ಟು ಹಾಸಿಗೆಯಲ್ಲೇ ಇರುತ್ತಾಳೆಂದು ಪಾಕೀಟಾ ಹೇಳಿದಾಗ ಮೇಷ್ಟ್ರ ಕಾಫಿ ಒಂದು ಗುಟುಕು ಕಹಿಯಾಯಿತು. ಮ್ಯೂರಿಯಲ್ ಅಂದೇ ಎರಡು ಸಿಲಿಂಡರುಗಳನ್ನು ಆಕೆಯ ಮನೆಗೆ ಸಾಗಿಸಿದರು, ಗಂಡನನ್ನು ಕೇಳಲೂ ಇಲ್ಲ. ಮೇಷ್ಟ್ರೇ ಅವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಏರು ಹತ್ತಿದರು. ಡಿಲಿಸ್ ಅವರ ಎರಡೂ ಕೈ ಹಿಡಿದುಕೊಂಡು, "ನಿಮ್ಮಂಥೋರು ನೂರು ವರ್ಷ ಬಾಳ್ಬೇಕು ಮೇಷ್ಟ್ರೇ," ಎಂದಳು. ಮೇಷ್ಟ್ರು ಖಾಲಿ ಕೈಗಾಡಿ ತಳ್ಳಿಕೊಂಡು ಬೇಗಬೇಗ ಇಳಿಜಾರು ಇಳಿದರು.

ಆ ವಾರವೇ ಊರವರೆಲ್ಲ ಸೇರಿ ದೂರಿನ ಅರ್ಜಿ ಬರೆದುಕೊಡಬೇಕೆಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಸಂತೋಷದಿಂದ ಬರೆದರು. ನಲವತ್ತು ಹೆಸರುಗಳನ್ನೂ ಒಂದರ ಕೆಳಗೊಂದು ಮುತ್ತು ಪೋಣಿಸಿದಂತೆ ಜೋಡಿಸಿದರು. ವಿಳಂಬಕ್ಕೆ ಕಾರಣವೇನೆಂದು ಬರವಣಿಗೆಯಲ್ಲಿ ತಿಳಿಸಲೇಬೇಕೆಂದು ಕೊನೆಯ ಸಾಲಿನಲ್ಲಿ ಗಟ್ಟಿಯಾಗಿ ಕೇಳಿದರು. ಕೆಳಗೆ ಸ್ಟ್ಯಾನ್ಲಿಯಿಂದ ಸಹಿ ಮಾಡಿಸಿದರು. ತಮ್ಮ ಹೆಸರು ಅದರಲ್ಲಿ ಎಲ್ಲೂ ನುಸುಳದಂತೆ ನೋಡಿಕೊಂಡದ್ದು ನೆನೆದು ಮನೆಗೆ ಹೋಗುವ ದಾರಿಯುದ್ದಕ್ಕೂ ಒಳಗೊಳಗೇ ನಕ್ಕರು. ಕ್ರಿಸ್‌ಮಸ್ ದಿನ ಮ್ಯೂರಿಯಲ್ ಏಳು ಹಾಡು ನುಡಿಸಿದರು, ಮಂದಿರದಲ್ಲಿ ಕೋಟು, ಕಂಬಳಿ ಹೊದ್ದು ಕೂತ ಊರವರೆಲ್ಲ ಬಾಯಿಂದ ಹಬೆ ಬಿಡುತ್ತ ಹಾಡಿದರು.

ಉತ್ತರ ಜನವರಿ ಎರಡನೆಯ ವಾರ ಬಂತು. ಸ್ಟ್ಯಾನ್ಲಿ ಅದನ್ನು ಒಡೆಯದೆ ಹೋಟೆಲಿಗೆ ತಂದ, ಎಲ್ಲರೂ ಮೇಜಿನ ಸುತ್ತ ಮುತ್ತಿಕೊಂಡರು, ಮರುಉತ್ತರ ಬರೆಯಬೇಕಾದೀತೆಂದು ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಕೂತರು. ಸ್ಟ್ಯಾನ್ಲಿ ಬಸ್ಸಿನ ನಿಲ್ದಾಣಗಳನ್ನು ಕೂಗುವ ಗಂಟಲಿನಲ್ಲಿ ಓದಿದ: "ಬೆನಾರ್ದಾದಿಂದ ಬಂದ ನಲವತ್ತೂ ಸರ್ಟಿಫಿಕೇಟುಗಳನ್ನು ಅಸಿಂಧುವೆಂದು ಪರಿಗಣಿಸಲಾಗಿದೆ. ತಾವು ಬದುಕಿದ್ದೀರೆಂದು ಅಕ್ಟೋಬರಿನಲ್ಲಿ ಸಾಕ್ಷಿ ಹಾಕಿರುವ ಶ್ರೀ ಎಡ್ವಿನ್ ಗಾರ್ಸೈಡ್ ಅವರು ಅದಕ್ಕೆ ಏಳು ತಿಂಗಳ ಹಿಂದೆಯೇ ನಿಧನರಾಗಿದ್ದು, ಅವರ ಪತ್ನಿಗೆ ವಿಧವಾ ಪರಿಹಾರವೂ ಈಗಾಗಲೇ ಸಂದಾಯವಾಗಿದೆ." ಅಲ್ಲಿಗೆ ಓದು ನಿಲ್ಲಿಸಿ ಅವನು ಕಾಗದವನ್ನು ಮೇಜಿನ ಮೇಲಿಟ್ಟ. ಕುರ್ಚಿಗಳು ಒಂದೊಂದಾಗಿ ಮೇಷ್ಟ್ರ ಕಡೆ ತಿರುಗಿದವು. ಡಿಲಿಸ್ ಕಿವಿಗೆ ಕೈ ಇಟ್ಟುಕೊಂಡು, "ಯಾರು ಹೋಗ್ಬಿಟ್ರಂತೆ ಪಾಪ?" ಎಂದು ಕೇಳಿದಳು. ಸ್ಟ್ಯಾನ್ಲಿ ಕನ್ನಡಕ ತೆಗೆದು, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಅವಳ ಕಿವಿಗೆ ಬಾಗಿ ಹೇಳಿದ: "ನಮ್ಮ ಮೇಷ್ಟ್ರಂತೆ ಕಣಮ್ಮ. ಇಲ್ಲೇ ಕೂತಿದಾರೆ, ಸಮಾಧಾನವಾಗಿ ವಿಚಾರಿಸ್ಕೊಳ್ಳೋಣ."