ಲ್ಯಾಬ್ ಬಿಟ್ಟು ಆಚೆ ಬರದವನು

ಆವಿ ಕೋಣೆಯ ಬಾಗಿಲ ಸಂದಿಯಲ್ಲಿ ಹಬೆ ಬರುವುದನ್ನು ಮೊದಲು ಕಂಡವಳು ಕಸ ಗುಡಿಸುವ ಹನುಮಮ್ಮ. ಅವಳ ಕೂಗಿಗೆ ಬಾಯ್ಲರ್ ಕಡೆಯಿಂದ ಫಿಟ್ಟರ್ ಶಾಬಾಜ್ ಓಡಿಬಂದ. ವಾಲ್ವ್ ಮುಚ್ಚಿದ. ಚಿಲಕ ತೆಗೆದ. ಒಳಗೆ ಮ್ಯಾನೇಜರ್ ಗುರುಪ್ರಕಾಶ್ ಬಿದ್ದಿದ್ದರು. ಬೆಂದುಹೋಗಿದ್ದರು. ಅದಕ್ಕಿಂತ ಹೆಚ್ಚು ಹೇಳುವುದು ಬೇಡ.

ನಿಟ್ಟೂರಿನ ಪಕ್ಕದ ಕೊಬ್ಬರಿ ಪುಡಿ ಫ್ಯಾಕ್ಟರಿ ಅದು. ಪುಡಿಯಲ್ಲಿನ ಕ್ರಿಮಿ ಸಾಯಲೆಂದು ಆ ಕೋಣೆಗೆ ಆವಿ ಬಿಡುತ್ತಾರೆ. ಬೆಳಿಗ್ಗೆ ಮೊದಲ ಸಲ ಆವಿ ಬಿಡುವ ಮುಂಚೆ ಮ್ಯಾನೇಜರ್ ಒಳಹೊಕ್ಕು ನೋಡುವುದು ರೂಢಿ. ಇವತ್ತೂ ಹೊಕ್ಕಿದ್ದರು. ಯಾರೋ ಹೊರಗಿನಿಂದ ಚಿಲಕ ಜಡಿದಿದ್ದರು. ಬಾಗಿಲು ದಪ್ಪ. ಕೂಗಿದರೂ ಕೇಳದು.

ಗುಬ್ಬಿಯಿಂದ ಇನ್ಸ್‌ಪೆಕ್ಟರ್ ದಾಕ್ಷಾಯಣಿ ಬಂದಾಗ ತೀರ್ಮಾನ ಆಗಲೇ ಆಗಿಹೋಗಿತ್ತು.

"ಶಾಬಾಜನೇ ಮೇಡಂ," ಎಂದರು ಹೆಡ್ ಕಾನ್‌ಸ್ಟೇಬಲ್ ರಾಮಾಂಜಿನಯ್ಯ. "ಬೆರಳಚ್ಚಿನೋರು ನೋಡವ್ರೆ, ವಾಲ್ವ್ ಮೇಲೆ ಅವನ ಕೈಗುರುತು ಬಿಟ್ರೆ ಬೇರೆ ಯಾರ್ದೂ ಇಲ್ಲ. ನಿನ್ನೆ ಶಿಫ್ಟ್ ವಿಷ್ಯಕ್ಕೆ ಮ್ಯಾನೇಜರ್ ಜೊತೆ ಜಗಳನೂ ಆಡವ್ನೆ."

"ಮುಚ್ಚಿದವನು ಅವನೇ ಅಲ್ವೇನ್ರಿ? ಗುರುತು ಇಲ್ದೆ ಇರುತ್ತಾ?"

ಮೇಲಿನ ಸಾಹೇಬರಿಗೆ ಮಾತ್ರ ಈ ಸಂದೇಹ ಬರಲಿಲ್ಲ. ನಾಳೆ ಕೋರ್ಟಿಗೆ ಹಾಜರುಪಡಿಸಿ ಎಂದು ಫೋನಿನಲ್ಲೇ ಹೇಳಿಬಿಟ್ಟರು. ಊರಿಗೆ ಬೇಕಾಗಿದ್ದ ಹೆಸರು ಸಿಕ್ಕಿತ್ತು. ಇನ್ನು ಬಿಡಿಸುವುದು ಯಾರಿಂದಾದೀತು?

*

"ವಾಲ್ವ್ ತಿರುಗಿಸೋಕೆ ಬೇರೆ ಯಾರಿಗೆ ಬರುತ್ತೆ?" ದಾಕ್ಷಾಯಣಿ ಕೇಳಿದಳು.

ಫ್ಯಾಕ್ಟರಿ ಮಾಲೀಕ ಅಡವಿಯಪ್ಪ ಹಣೆಯ ವಿಭೂತಿ ಒರೆಸಿಕೊಂಡರು. "ಶಾಬಾಜಿಗೆ ಮಾತ್ರ."

"ಫುಡ್ ಟೆಕ್ನಾಲಜಿಸ್ಟ್ ಒಬ್ಬ ಇದಾನಲ್ಲ?"

"ಚನ್ನೇಶನಾ? ಅವ್ರು ಲ್ಯಾಬ್ ಬಿಟ್ಟು ಆಚೆ ಬರಲ್ಲ. ಪಾಪ, ಅಮೃತೂರಿನ ಹುಡುಗ. ಕೆನಡಾದಲ್ಲಿ ಕೆಲಸ ಸಿಕ್ಕಿದೆ, ವೀಸಾಗೆ ಕಾಯ್ತವ್ನೆ. ಕೇಸಿಗೆ ಎಳೀಬೇಡಿ."

ಚನ್ನೇಶ್ ಲ್ಯಾಬಿನಲ್ಲೇ ಇದ್ದ. ಮೆದು ಮಾತಿನವನು. ಕಣ್ಣು ಕೆಂಪಾಗಿತ್ತು. ಉದ್ದ ರಬ್ಬರ್ ಕೈಗವಸು ಹಾಕಿಕೊಂಡೇ ಟೀ ಕುಡಿಯುತ್ತಿದ್ದ.

"ಮೆಷಿನ್ ವಿಷ್ಯ ನಂಗೆ ಗೊತ್ತಿಲ್ಲ ಮೇಡಂ. ಲ್ಯಾಬ್ ಬಿಟ್ಟು ಆಚೆ ಬರಲ್ಲ ನಾನು."

ಅಂಗಳದಲ್ಲಿ ಹನುಮಮ್ಮ ಗೋಡೆಗೊರಗಿ ಕೂತಿದ್ದಳು.

"ಆವಿ ಬಿಟ್ಟಾಗ ಏನಾದ್ರೂ ಸದ್ದು ಕೇಳಿಸ್ತೇನವ್ವಾ?"

"ಇಲ್ಲ ಕಣ್ ಮೇಡಮ್ಮೋರೆ. ಪೈಪಿನ್ ಗೋಡೆ ಆಚೆ ಪಕ್ಕದಾಗೇ ಗುಡಿಸ್ತಿದ್ದೆ. ಒಂದ್ ಚೂರೂ ಸದ್ದಿಲ್ಲ."

"ಚನ್ನೇಶ್ ಈ ಕಡೆ ಬಂದಿದ್ರಾ?"

"ಅವ್ರು ಲ್ಯಾಬ್ ಬಿಟ್ಟು ಆಚೆ ಬರಲ್ಲ."

ಹಳ್ಳಿಯ ಹೆಂಗಸು. ಅಷ್ಟು ಹೊತ್ತೂ ತನ್ನದೇ ಹಳ್ಳಿ ಮಾತಾಡುತ್ತಿದ್ದವಳು ಈ ಒಂದನ್ನು ಮಾತ್ರ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು.

*

ಗುಬ್ಬಿ ಠಾಣೆಯ ಗೇಟಿನಲ್ಲಿ ಶಾಬಾಜನ ಹೆಂಡತಿ ಫಿಜಾ ಬುತ್ತಿ ಹಿಡಿದು ನಿಂತಿದ್ದಳು. ಒಳಗೆ ಬಿಟ್ಟಿರಲಿಲ್ಲ. ದಾಕ್ಷಾಯಣಿಗೆ ಸಂಕಟವಾಯಿತು. ತಾನೇ ಬುತ್ತಿ ತೆಗೆದುಕೊಂಡು ಹೋಗಿ ಲಾಕಪ್ಪಿನೊಳಗೆ ಕೊಟ್ಟಳು.

"ಆವಿ ಬಿಟ್ರೆ ಸದ್ದು ಬರಲ್ವೇನಪ್ಪ?"

"ರಾತ್ರಿಯೆಲ್ಲ ಪೈಪ್‌ನಲ್ಲಿ ನೀರು ನಿಂತಿರುತ್ತೆ ಮೇಡಂ. ಅದನ್ನ ಮೊದ್ಲು ಬಿಡ್ಬೇಕು. ಪೈಪ್ ಹಿಂದೆ ಒಂದು ಸಣ್ಣ ವಾಲ್ವ್ ಇದೆ, ಕಾಣಲ್ಲ. ಬಿಡದೆ ಆವಿ ಕೊಟ್ರೆ ಧಡಧಡ ಹೊಡ್ಕೊಳುತ್ತೆ. ಶೆಡ್ಡೆಲ್ಲ ಅದುರುತ್ತೆ."

"ಇವತ್ತು ಸದ್ದಾಗಿಲ್ಲ. ಕೊಂದವನಿಗೆ ಆ ಸಣ್ಣ ವಾಲ್ವ್ ಗೊತ್ತಿತ್ತು."

ತನ್ನ ಬಾಯಿಂದ ತಾನೇ ಸಿಕ್ಕಿಹಾಕಿಕೊಂಡದ್ದು ಶಾಬಾಜಿಗೆ ಅರ್ಥವಾಯಿತು.

"ನಿನ್ನ ಬಿಟ್ಟು ಯಾರಿಗೆ ಗೊತ್ತು? ಚನ್ನೇಶಿಗಾ?"

ಅವನು ಬುತ್ತಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ. ಆಮೇಲೆ ಹೇಳಿದ. "ಅವ್ರು ಲ್ಯಾಬ್ ಬಿಟ್ಟು ಆಚೆ ಬರಲ್ಲ ಮೇಡಂ."

ನಾಲ್ಕನೇ ಬಾಯಿ. ಅದೇ ಮಾತು.

*

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಚನ್ನೇಶನ ಅರ್ಜಿ ನೋಡಿಕೊಳ್ಳುತ್ತಿದ್ದ ಏಜೆಂಟ್ ಮೋಹನ್‌ಕುಮಾರನ ವೀಸಾ ಆಫೀಸು. ಗೋಡೆ ತುಂಬ ಹಿಮದ ಬೆಟ್ಟಗಳು. ಪೊಲೀಸ್ ಜೀಪು ಕಂಡ ಕೂಡಲೇ ಅವನ ನಾಲಿಗೆ ಸಡಿಲವಾಯಿತು.

"ಚನ್ನೇಶ್ ಓದಿರೋದು ಫುಡ್ ಟೆಕ್ನಾಲಜಿ ಮೇಡಂ. ಕೆಲ್ಸ ಮಾತ್ರ ಅರ್ಧ ಲ್ಯಾಬು, ಅರ್ಧ ಬಾಯ್ಲರು. ಎರಡು ಫೀಲ್ಡ್ ಬೆರೆತ್ರೆ ವೀಸಾ ಹೊಡೆದುಹೋಗುತ್ತೆ ಅಂದೆ. ವೀಸಾದೋರು ಫೋನ್ ಮಾಡಿ ವಿಚಾರಿಸ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತಿರ್ಲಿ ಅಂತ ನಾನೇ ಹೇಳ್ಕೊಟ್ಟೆ."

"ಲ್ಯಾಬ್ ಬಿಟ್ಟು ಆಚೆ ಬರಲ್ಲ ಅಂತ."

"ಹೂಂ. ಎಲ್ರೂ ಒಪ್ಪಿದ್ರಂತೆ. ಮ್ಯಾನೇಜರ್ ಒಬ್ರು ಮಾತ್ರ ಸುಳ್ಳು ಹೇಳಲ್ಲ ಅಂದ್ರಂತೆ."

*

ಸಂಜೆ ದಾಕ್ಷಾಯಣಿ ಎಲ್ಲರನ್ನೂ ಆವಿ ಕೋಣೆಯ ಮುಂದೆ ನಿಲ್ಲಿಸಿದಳು. ಶಾಬಾಜನನ್ನೂ ಕರೆತಂದು ಬಾಯ್ಲರ್ ಹೊತ್ತಿಸಲು ಹೇಳಿದ್ದಳು. ಬೆಳಿಗ್ಗೆಯಿಂದ ನಿಂತ ಪೈಪು ತಣ್ಣಗಾಗಿ ಒಳಗೆ ನೀರು ಕಟ್ಟಿತ್ತು. ಖಾಲಿ ಕೋಣೆಯ ಬಾಗಿಲು ಮುಚ್ಚಿ, ತಾನೇ ದೊಡ್ಡ ವಾಲ್ವ್ ತಿರುಗಿಸಿದಳು.

ಧಡ್. ಧಡ್. ಧಡ್.

ಶೆಡ್ಡಿನ ತಗಡು ಅದುರಿತು. ಅಡವಿಯಪ್ಪ ಎದೆ ಹಿಡಿದುಕೊಂಡು ಹಿಂದೆ ಸರಿದರು. ಹನುಮಮ್ಮ ಓಡಿದಳು. ಚನ್ನೇಶ್ ಓಡಲಿಲ್ಲ. ಬಗ್ಗಿದ. ಅವನ ಕೈ ತಡಕಾಡದೆ ಪೈಪಿನ ಹಿಂದೆ ಹೋಗಿ ಸಣ್ಣ ವಾಲ್ವನ್ನು ತಿರುಗಿಸಿತು. ಬಿಸಿನೀರು ಬುಸ್ಸೆಂದು ಹರಿಯಿತು. ಸದ್ದು ನಿಂತಿತು.

ತಾನೇನು ಮಾಡಿದೆ ಎಂದು ಅವನಿಗೆ ಆಮೇಲೆ ತಿಳಿಯಿತು.

"ಕೈಗವಸು ತೆಗಿ," ಎಂದಳು ದಾಕ್ಷಾಯಣಿ.

ಬಲ ಮಣಿಕಟ್ಟಿನ ಮೇಲೆ ಬೊಬ್ಬೆ ಎದ್ದಿತ್ತು. ಇವತ್ತಿನದೇ.

"ಬೆಳಿಗ್ಗೆ ಆವಿ ಬಿಟ್ಟ ಮೇಲೆ ಆ ಸಣ್ಣ ವಾಲ್ವ್ ಮುಚ್ಚೋ ಆತುರದಲ್ಲಿ ಬಿಸಿನೀರು ಗವಸಿನೊಳಕ್ಕೇ ಸಿಡಿದಿದೆ. ವಾಲ್ವ್ ಮೇಲೆ ನಿನ್ನ ಗುರುತು ಬೀಳದ ಹಾಗೆ ನೋಡ್ಕೊಂಡದ್ದು ಈ ಗವಸು. ಆಮೇಲೆ ಬೊಬ್ಬೆ ಮುಚ್ಚೋಕೂ ಇದೇ ಬೇಕಾಯ್ತು. ಟೀ ಕುಡಿಯುವಾಗ್ಲೂ ತೆಗೀಲಿಲ್ಲ. ಶಾಬಾಜನ ಕೈ ನೋಡಿದೀನಿ, ಸುಟ್ಟಿಲ್ಲ. ಮ್ಯಾನೇಜರ್ ಹೋದ್ರೆ ಫೋನು ಮಾಲೀಕರಿಗೆ ಹೋಗುತ್ತೆ, ಅವ್ರು ನೀನು ಹೇಳ್ಕೊಟ್ಟಿದ್ದೇ ಹೇಳ್ತಾರೆ. ಅಷ್ಟಕ್ಕೇ ಕೊಂದೆ."

ಚನ್ನೇಶ್ ಬೇಡಿಗಾಗಿ ಎರಡೂ ಕೈ ಚಾಚಿದ.

ಅವಳು ಶಾಬಾಜನ ಕಡೆ ತಿರುಗಿದಳು. ಸಿಟ್ಟು ತಡೆಯಲಾಗಲಿಲ್ಲ. "ನಿನ್ನ ಕುತ್ತಿಗೆಗೆ ಬಂದಾಗ್ಲೂ ಸುಳ್ಳು ಹೇಳಿದ್ಯಲ್ಲೋ, ಯಾಕೆ?"

"ಮಾತು ಕೊಟ್ಟಿದ್ದೆ ಮೇಡಂ. ಇವ್ರು ಕೊಂದವ್ರೆ ಅಂತ ಕನಸಲ್ಲೂ ಅನ್ಕೊಳ್ಲಿಲ್ಲ. ಪೊಲೀಸ್ರಿಗೆ ಹೇಳಿದ್ದು ವೀಸಾದೋರಿಗೂ ಗೊತ್ತಾಗುತ್ತೆ, ನನ್ನಿಂದ ಒಬ್ರ ಜೀವನ ಹಾಳಾಗ್ಬಾರ್ದು ಅಂತ."

ಅಡವಿಯಪ್ಪ ನೆಲ ನೋಡುತ್ತ ನಿಂತರು. ಹನುಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಸೇರಿ ಒಬ್ಬ ಅಮಾಯಕನನ್ನು ಜೈಲಿಗೆ ಕಳಿಸುತ್ತಿದ್ದರು.

*

ಅದೇ ರಾತ್ರಿ ಗುರುಪ್ರಕಾಶರ ಹೆಂಡತಿ ಮಾಲಿನಿ ಠಾಣೆಗೆ ಬಂದು ಹೇಳಿಕೆ ಕೊಟ್ಟರು. ದಾಕ್ಷಾಯಣಿ ಅದನ್ನು ಬರೆದುಕೊಂಡಳು. ಆಮೇಲೆ ಲಾಕಪ್ಪಿನ ಮುಂದೆ ಹೋಗಿ ನಿಂತಳು.

"ವೀಸಾದೋರ ಫೋನು ನಿನ್ನೆ ಸಂಜೆಯೇ ಬಂದಿತ್ತಂತೆ ಚನ್ನೇಶ್. ಮ್ಯಾನೇಜರ್ ಮನೇಲಿದ್ದಾಗ."

ಅವನು ತಲೆಯೆತ್ತಿದ.

"ನೀನು ಬಾಯ್ಲರ್ ಕೆಲ್ಸನೂ ಮಾಡ್ತೀಯ ಅಂತ ಇದ್ದದ್ದನ್ನೇ ಹೇಳಿದ್ರಂತೆ. ಆವಿ ಎಷ್ಟು ಬಿಸಿ ಇರ್ಬೇಕು, ಎಷ್ಟು ಹೊತ್ತು ಇರ್ಬೇಕು ಅನ್ನೋದು ಈ ಓದು ಓದಿದವನಿಗೇ ಗೊತ್ತಾಗೋದು, ಅದಿಲ್ದೆ ಕ್ರಿಮಿ ಸಾಯಲ್ಲ, ಎರಡೂ ಸೇರಿ ಒಂದೇ ಕೆಲ್ಸ ಅಂತ ಅರ್ಧ ಗಂಟೆ ವಾದ ಮಾಡಿದ್ರಂತೆ. ಆ ಕಡೆಯೋರು ಒಪ್ಪಿದ್ರಂತೆ. ಇಷ್ಟು ಸಾಕು, ಇನ್ನೇನೂ ಕೇಳೋದಿಲ್ಲ ಅಂದ್ರಂತೆ."

ಚನ್ನೇಶ್ ಕಂಬಿ ಹಿಡಿದುಕೊಂಡ.

"ಬೆಳಿಗ್ಗೆ ಒಳಗೆ ಹೋಗ್ತಾ ನಕ್ಕಿದ್ರು ಮೇಡಂ," ಎಂದ. "ಮಧ್ಯಾಹ್ನ ಬಾ, ಊಟ ಮಾಡ್ತಾ ಒಂದು ವಿಷ್ಯ ಹೇಳ್ತೀನಿ ಅಂದಿದ್ರು."