ಕೋಟಿನ ಜೇಬಿನಲ್ಲಿದ್ದ ಸೀಸೆ

ಸೂಟ್‌ಕೇಸಿನ ಜಿಪ್ಪು ಎಳೆಯುತ್ತಿದ್ದಾಗಲೇ ಫೋನು ಬಂತು.

"ಟೀಚರಮ್ಮ, ಏರ್‌ಪೋರ್ಟಿಗೆ ಹೊರಡ್ಬೇಡಿ," ಎಂದ ಟ್ರಾವೆಲ್ಸ್‌ನವನು. "ನಿಮ್ಮ ಪಾಲಿಸಿ ಕ್ಯಾನ್ಸಲ್ ಆಗಿದೆ."

"ಯಾವ ಪಾಲಿಸಿ?"

"ಪ್ರಯಾಣದ ಇನ್ಶೂರೆನ್ಸು! ಅದಿಲ್ದೆ ಆ ದೇಶದೋರು ಒಳಗೆ ಬಿಡಲ್ಲ. ಇಲ್ಲಿ ವಿಮಾನ ಹತ್ತೋಕೇ ಬಿಡಲ್ಲ. ಯಾರೋ ಕಂಪನಿಗೆ ಫೋನ್ ಮಾಡಿ, ನಿಮಗೆ ಹಾರ್ಟಿನ ತೊಂದ್ರೆ ಇದೆ, ಮುಚ್ಚಿಟ್ಟು ಪಾಲಿಸಿ ಮಾಡ್ಸಿದೀರಿ ಅಂತ ಹೇಳಿದಾರೆ. ಹೌದಾ ಮೇಡಂ? ನಾನು ಕೇಳಿದಾಗ ಬಿಪಿ ಒಂದೇ ಅಂದ್ರಿ!"

ಟೀಚರಮ್ಮ ಫೋನು ಕೆಳಗಿಟ್ಟಳು. ಸುಳ್ಳು ಹೇಳಬಾರದೆಂದು ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ ಬಾಯಿ ಅದು. ಒಣಗಿಹೋಗಿತ್ತು.

ಸಂಜೆ ವಿಮಾನ. ಸಮುದ್ರದಾಚೆಯ ಒಂದು ಆಸ್ಪತ್ರೆಯಲ್ಲಿ ಆಕೆಯ ಅಕ್ಕ ಕೊನೆಯ ದಿನಗಳನ್ನು ಎಣಿಸುತ್ತಿದ್ದಳು. ತಾಯಿ ಸತ್ತಾಗ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ತನ್ನ ಓದು ಬಿಟ್ಟು ತಂಗಿಯನ್ನು ಓದಿಸಿದವಳು. ಬರುವವರು ಈ ವಾರವೇ ಬಂದುಬಿಡಲಿ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಮುಂದಿನ ವಾರ ಎಂಬ ಮಾತನ್ನು ಅವರು ಆಡಿರಲಿಲ್ಲ. ಈ ವಿಮಾನ ತಪ್ಪಿದರೆ ಅಕ್ಕನ ಮುಖ ಇನ್ನು ನೋಡಲು ಸಿಗುವುದಿಲ್ಲ.

ಟೀಚರಮ್ಮ ಸೂಟ್‌ಕೇಸಿನ ಮೇಲೆಯೇ ಕುಸಿದು ಕುಳಿತಳು. ಆಮೇಲೆ ಎದ್ದು, ಇಂಥ ಗಂಟು ಬಿಡಿಸಬಲ್ಲ, ತನಗೆ ತಿಳಿದ ಒಬ್ಬಳೇ ಒಬ್ಬಳಿಗೆ ಫೋನು ಮಾಡಿದಳು.

ಎಕ್ಸ್‌ರೇ ಚಿಕ್ಕಮ್ಮ ಎಂದರೆ ಇಡೀ ಬಳಗಕ್ಕೆ ಒಂದು ಬಗೆಯ ಭಯ. ಟೀಚರಮ್ಮನ ತಾಯಿಯ ತಂಗಿ. ನಿವೃತ್ತಿಯಾಗುವವರೆಗೂ ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳ ಸತ್ಯಾಸತ್ಯ ಹುಡುಕುವ ಕೆಲಸ. ಕಾಲು ಮುರಿದಿದೆ ಎಂದು ದುಡ್ಡು ಕೇಳಿದವನನ್ನು ಮದುವೆ ಮನೆಯಲ್ಲಿ ಕುಣಿಯುತ್ತಿರುವಾಗ ಹಿಡಿದದ್ದು ಇವಳೇ. ಅಂದಿನಿಂದ ನೆಂಟರ ಮನೆಯಲ್ಲಿ ಅವಳೆದುರು ತಲೆನೋವು ಎನ್ನಲೂ ಜನ ಹಿಂಜರಿಯುತ್ತಿದ್ದರು.

ಬಂದವಳೇ ಅಡುಗೆಮನೆಗೆ ಟೀಚರಮ್ಮನನ್ನು ಎಳೆದೊಯ್ದು ಬಾಗಿಲು ಹಾಕಿದಳು.

"ಹಾರ್ಟಿನ ತೊಂದ್ರೆ — ನಿಜಾನಾ, ಸುಳ್ಳಾ?"

"ನಿಜ."

"ಯಾರ್ಯಾರಿಗೆ ಗೊತ್ತು?"

"ಡಾಕ್ಟರಿಗೆ. ನನಗೆ. ಮಾತ್ರೆ ತಗೊಂಡು ಹುಷಾರಾಗಿ ಹೋಗಿ ಬನ್ನಿ ಅಂದಿದಾರೆ ಚಿಕ್ಕಮ್ಮ."

"ಮನೇಲಿ?"

"ಹೇಳಿದ್ರೆ ಕಳಿಸ್ತಿದ್ರಾ?"

"ಮಾತ್ರೆ ಎಲ್ಲಿ?"

"ಹೆಸರು ಕಾಣ್ಬಾರ್ದು ಅಂತ ಎಲ್ಲಾ ಬಿಡಿಸಿ ಒಂದು ಖಾಲಿ ಸೀಸೆಗೆ ಹಾಕ್ಕೊಂಡೆ. ಕೋಟಿನ ಒಳಜೇಬಲ್ಲಿದೆ."

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದಿ! ಆ ಕೋಟು ಎಲ್ಲಿತ್ತು?"

ಕೋಟು ಬಾಗಿಲ ಪಕ್ಕದ ಮೊಳೆಗೆ ನೇತು ಬಿದ್ದಿತ್ತು, ಎಲ್ಲರ ಕೈಗೆ ಸಿಗುವಂತೆ. ಚಳಿ ದೇಶಕ್ಕೆಂದು ಕೊಂಡದ್ದು. ಮಗ ಅದನ್ನು ತೊಟ್ಟುಕೊಂಡು ತಮಾಷೆ ಮಾಡಿದ್ದ. ಸೊಸೆ ಇಸ್ತ್ರಿ ಹಾಕಿದ್ದಳು. ಗಂಡ ಅದರ ಸಡಿಲ ಗುಂಡಿಗಳನ್ನು ಬಿಗಿ ಮಾಡಿದ್ದ. ಆತನ ಕಣ್ಣು ಹೋಗಿ ಆರೇಳು ವರ್ಷವಾಗಿದ್ದರೂ ಬೀದಿಯವರಿಗೆ ಆತ ಈಗಲೂ ಟೈಲರ್ರೇ.

"ಹೊಸ ಪಾಲಿಸಿ ಮಾಡಿಸ್ಬಿಡೋಣ ಚಿಕ್ಕಮ್ಮ, ಹೊತ್ತಾಗ್ತಿದೆ!" ಟೀಚರಮ್ಮನ ದನಿ ಒಡೆದುಹೋಗಿತ್ತು.

"ಮಾಡ್ಸೋಣ. ಆದ್ರೆ ಇವತ್ತು ಫೋನ್ ಮಾಡಿದ ಕೈ ಮತ್ತೆ ಮಾಡಲ್ಲ ಅಂತ ಏನು ಗ್ಯಾರಂಟಿ? ಮೊದಲು ಆ ಕೈ ಯಾರ್ದು ಅಂತ ನೋಡ್ಬೇಕು."

ಹಜಾರಕ್ಕೆ ಬಂದು, ಎಲ್ಲರ ಮುಂದೆಯೇ ಆ ಪಾಲಿಸಿ ಕೊಟ್ಟಿದ್ದ, ತನ್ನದೇ ಹಳೆಯ ಕಂಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಆಕೆಯ ಕೈಕೆಳಗೆ ಕೆಲಸ ಕಲಿತ ಹುಡುಗಿ ಈಗ ಅಲ್ಲಿ ಅಧಿಕಾರಿ.

"ಫೋನ್ ಮಾಡಿದ್ದು ಗಂಡಸಾ, ಹೆಂಗಸಾ?"

"ಮೇಡಂ, ಅದನ್ನ ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಪಾಲಿಸಿ ಯಾಕೆ ರದ್ದಾಯ್ತು ಅನ್ನೋ ಕಾರಣ ಮಾತ್ರ ಹೇಳ್ಬಹುದು."

"ಅದನ್ನೇ ಹೇಳು. ಒಂದಕ್ಷರ ಬಿಡದೆ."

"ಉಸಿರಾಟದ ತೊಂದ್ರೆ ಇದೆ, ಹಾರ್ಟಿಗೆ ಅಂತ ಕಾಣುತ್ತೆ, ಹೊಸ ಮಾತ್ರೆ ಶುರುವಾಗಿದೆ ಅಂದ್ರು. ಯಾವ ಮಾತ್ರೆ ಅಂತ ಕೇಳಿದ್ವಿ. ಹೆಸರು ಗೊತ್ತಿಲ್ಲ — ಉದ್ದಕ್ಕಿದೆ, ತುದಿ ಎರಡೂ ಮೊಂಡು, ನಡುವೆ ಅಡ್ಡಗೀರು, ನಯ ಇಲ್ಲ, ಉಜ್ಜಿದ್ರೆ ಪುಡಿ ಬರುತ್ತೆ, ನಾಲಿಗೆಗೆ ಇಟ್ರೆ ವಿಪರೀತ ಕಹಿ ಅಂದ್ರು. ಸುಳ್ಳು ಅನ್ನೋದಾದ್ರೆ ಡಾಕ್ಟರ ಪತ್ರ ತನ್ನಿ."

ಚಿಕ್ಕಮ್ಮ ಫೋನು ಇಟ್ಟಳು. ತನ್ನ ಮನೆಯೊಳಗಿನವರೇ! ಟೀಚರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಟೈಲರ್ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದ್ದ.

"ಮೊದಲು ನೀನು ಬಾರಪ್ಪ," ಎಂದು ಚಿಕ್ಕಮ್ಮ ಮಗನನ್ನು ಕರೆದಳು. ಪಾರ್ಸೆಲ್ ವ್ಯಾನು ಓಡಿಸುವ ಹುಡುಗ. "ಅಲ್ಲಿ ಆಸ್ಪತ್ರೇಲಿ ಒಂದು ದಿನ ಮಲಗಿದ್ರೂ ನನ್ನ ವ್ಯಾನು ಮಾರ್ಬೇಕಾಗುತ್ತೆ ಅಂತ ಊರಿಗೆಲ್ಲಾ ಸಾರಿದ್ದು ನೀನೇ ಅಲ್ವಾ?"

"ಹೌದಜ್ಜಿ. ಅದಕ್ಕೇ ತಾನೇ ನಾನೇ ನಿಂತು ಇನ್ಶೂರೆನ್ಸ್ ಮಾಡ್ಸಿದ್ದು? ಆ ಕಾಗದ ಬಂದಾಗ ಕಂಪನಿ ನಂಬರಿನ ಸಮೇತ ಇಲ್ಲೇ ಕೂತು ಗಟ್ಟಿಯಾಗಿ ಓದಿದ್ದೆ. ರದ್ದು ಮಾಡ್ಸೋನು ಹಾಗೆ ಓದ್ತಾನಾ?"

"ಕೋಟಿನ ಜೇಬಿಗೆ ಕೈ ಹಾಕಿದ್ದೆಯಾ?"

ಮಗ ಅಮ್ಮನ ಕಡೆ ನೋಡಿದ. "ಹಾಕಿದ್ದೆ. ಒಂದು ಸೀಸೆ ಸಿಕ್ತು. ಹಳದಿ ಮಾತ್ರೆ. ಯಾವುದೋ ವಿಟಮಿನ್ ಅಂದ್ಕೊಂಡು ಅಲ್ಲೇ ಇಟ್ಟೆ."

"ಹ್ಞೂಂ. ನೀನು ಬಾಮ್ಮ."

ಸೊಸೆ ಮುಂದೆ ಬಂದಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ. ಅತ್ತೆ ಹೋದರೆ ಮಾವನ ಊಟ ತಿಂಡಿ, ಮನೆ, ಅಂಗಡಿ ಎಲ್ಲ ಅವಳೊಬ್ಬಳ ತಲೆಯ ಮೇಲೆ. ಮೊನ್ನೆ ಪಾತ್ರೆ ತೊಳೆಯುತ್ತಾ ಅದನ್ನೇ ಗೊಣಗಿಕೊಂಡದ್ದು ಟೀಚರಮ್ಮನ ಕಿವಿಗೆ ಬಿದ್ದಿತ್ತು.

"ಸೀಸೆ ನೋಡಿದ್ಯಾ?"

"ಇಸ್ತ್ರಿ ಹಾಕೋವಾಗ ಕೆಳಗೆ ಬಿತ್ತು."

"ನೋಡಿ ಏನನ್ನಿಸ್ತು?"

"ಅನ್ಸೋದೇನು ಅಜ್ಜಿ? ಆ ಹಳದಿ ನೋಡಿದ ತಕ್ಷಣ ಗೊತ್ತಾಯ್ತು. ದಿನಾ ಮಾರ್ತೀನಿ. ಹಾರ್ಟಿಗೆ ಕೊಡೋದು."

ಟೀಚರಮ್ಮ ತಟ್ಟನೆ ಎದ್ದು ನಿಂತಳು. "ಗೊತ್ತಿತ್ತಾ? ಗೊತ್ತಿದ್ದೂ ನಗ್ತಾ ನನ್ನ ಬಟ್ಟೆ ಇಸ್ತ್ರಿ ಹಾಕಿದ್ಯಾ? ನೀನೇ! ನಮ್ಮಕ್ಕ ನಿನಗೇನು ಅನ್ಯಾಯ ಮಾಡಿದ್ಲೇ? ಒಂದು ತಿಂಗಳು ಮನೆ ನೋಡ್ಕೊಳ್ಳೋದು ಅಷ್ಟು ಭಾರ ಆಯ್ತಾ?"

ಸೊಸೆಯ ಮುಖ ಬಿಳಿಚಿಕೊಂಡಿತು. ಮಗ ಏನೋ ಹೇಳಲು ಬಾಯಿ ತೆರೆದರೆ ಅವಳು ಕೈ ಅಡ್ಡ ಹಿಡಿದಳು.

"ನಮ್ಮಮ್ಮ ಹೋಗೋವಾಗ ನನಗೆ ರಜಾ ಸಿಗ್ಲಿಲ್ಲ ಅತ್ತೆ. ಹೋಗಿ ಮುಟ್ಟೋಷ್ಟ್ರಲ್ಲಿ ಎಲ್ಲಾ ಮುಗಿದಿತ್ತು. ನೀವಾದ್ರೂ ಹೋಗ್ಲಿ ಅಂತಾನೇ ಬಾಯಿ ಮುಚ್ಕೊಂಡಿದ್ದೆ."

"ಸುಳ್ಳು!"

"ಸುಮ್ನಿರೇ!" ಚಿಕ್ಕಮ್ಮ ಗದರಿದಳು. "ಅವಳು ಹೇಳ್ತಿರೋದು ನಿಜ."

ಎದ್ದು ಹೋಗಿ ಕೋಟಿನ ಒಳಜೇಬಿನಿಂದ ಸೀಸೆ ತೆಗೆದಳು. ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣಿಗೆ ಹೊಡೆಯುವ ಹಳದಿ. ಹತ್ತು ಮಾರು ದೂರದಿಂದಲೂ ಕಾಣುವ ಹಳದಿ.

"ಎಲ್ಲಿ, ಇದು ಎಂಥಾ ಮಾತ್ರೆ ಅಂತ ದಾರೀಲಿ ಹೋಗೋರ್ನ ಕೇಳು. ಮೊದಲು ಬಾಯಿಗೆ ಬರೋದು ಏನು?"

"ಹಳದಿ," ಎಂದ ಮಗ.

"ನೀನೂ ಅದನ್ನೇ ಅಂದೆ. ನಿನ್ನ ಹೆಂಡ್ತೀನೂ ಅದನ್ನೇ ಅಂದ್ಲು. ಕಂಪನಿಗೆ ಫೋನ್ ಮಾಡಿದವರು ಏನಂದ್ರು? ಉದ್ದ ಅಂದ್ರು, ಮೊಂಡು ಅಂದ್ರು, ಗೀರು ಅಂದ್ರು, ಪುಡಿ ಅಂದ್ರು. ನೆಕ್ಕಿ ನೋಡಿ ಕಹಿ ಅಂತಾನೂ ಅಂದ್ರು. ಇಷ್ಟೆಲ್ಲಾ ಹೇಳಿದವರು ಹಳದಿ ಅಂತ ಮಾತ್ರ ಯಾಕೆ ಹೇಳ್ಲಿಲ್ಲ? ಇವಳಾಗಿದ್ರೆ ಹೆಸರೇ ಹೇಳ್ತಿದ್ಲು. ನೀನಾಗಿದ್ರೆ ಬಣ್ಣ ಹೇಳ್ತಿದ್ದೆ. ಇನ್ನೊಬ್ಬರ ಮಾತ್ರೇನ ಯಾರಾದ್ರೂ ನಾಲಿಗೆಗೆ ಇಡ್ತಾರಾ? ಇಡ್ತಾರೆ — ತಿಳ್ಕೊಳ್ಳೋಕೆ ಬೇರೆ ದಾರಿ ಇಲ್ದೆ ಇದ್ರೆ."

ಚಿಕ್ಕಮ್ಮನ ದನಿ ಇಳಿಯಿತು.

"ಗುಂಡಿ ಬಿಗಿ ಮಾಡೋವಾಗ ಸೀಸೆ ಕೈಗೆ ಸಿಕ್ತು. ಮಗ ಓದಿದ ನಂಬರು ನೆನಪಿತ್ತು. ಅಲ್ವಾ ಅಳಿಯಂದ್ರೇ?"

ಟೀಚರಮ್ಮ ಗಂಡನ ಕಡೆ ತಿರುಗಿದಳು. ಈಗ ಆತ ಇಲ್ಲ ಎನ್ನುತ್ತಾನೆ, ಈ ಮುದುಕಿಗೆ ತಲೆ ಕೆಟ್ಟಿದೆ ಎಂದು ಬಯ್ಯುತ್ತಾನೆ ಎಂದು ಕಾದಳು.

"ಹೌದು," ಎಂದ ಟೈಲರ್.

"ರೀ..."

"ಸಾವಿರಾರು ಗುಂಡಿ ಹೊಲಿದ ಬೆರಳು ಕಣೇ ಇದು. ಮನೇಲಿರೋ ಮಾತ್ರೆ ಎಲ್ಲಾ ಗೊತ್ತು. ಇದು ಹೊಸದು ಅಂತ ಗೊತ್ತಾಯ್ತು. ನೀನು ಹೇಳ್ಲಿಲ್ಲ ಅಂದ್ಮೇಲೆ ಸಣ್ಣದಲ್ಲ ಅಂತಾನೂ ಗೊತ್ತಾಯ್ತು."

"ನನ್ನ ಕೇಳ್ಬೋದಿತ್ತು!"

"ಕೇಳಿದ್ರೆ ಏನಿಲ್ಲ ಅಂತಿದ್ದೆ."

"ಅಕ್ಕ ಸಾಯ್ತಿದಾಳೆ ರೀ! ನಿಮಗೆ ಗೊತ್ತಿಲ್ವಾ ಅವಳು ನನಗೆ ಏನು ಅಂತ? ಹೇಗೆ ಮನಸ್ಸು ಬಂತು?"

ಟೈಲರ್ ಎದ್ದು ನಿಂತ. "ಅಲ್ಲಿ ನಿನಗೆ ಏನಾದ್ರೂ ಆದ್ರೆ ಕಂಪನಿಯೋರು ಕೈ ತೊಳ್ಕೊಂಡ್ಬಿಡ್ತಾರೆ. ಗೊತ್ತಿಲ್ಲದ ಊರಲ್ಲಿ ನೀನು ಮಲಗಿರ್ತೀಯ. ನಾನು ಹೇಗೆ ಬರ್ಲಿ? ಈ ಬೀದಿ ಕೊನೆಗೇ ಒಬ್ಬನೇ ಹೋಗೋಕೆ ಆಗಲ್ಲ ನನಗೆ. ನಿನ್ನ ಕರ್ಕೊಂಡು ಬರೋಕೆ ನಾನು ಹೇಗೆ ಬರ್ಲಿ ಹೇಳು?"

ಟೀಚರಮ್ಮನಿಗೆ ಕೋಪ ಇಳಿಯಲಿಲ್ಲ. ಅಳು ಮಾತ್ರ ಬಂತು.

ಚಿಕ್ಕಮ್ಮ ಗಡಿಯಾರ ನೋಡಿದಳು. "ಅತ್ತಿದ್ದು ಸಾಕು. ನಿಮ್ಮಕ್ಕ ನನಗೂ ಮಗಳೇ. ಸುಳ್ಳು ಹೇಳಿ ಮಾಡ್ಸಿದ ಪಾಲಿಸಿ ಕಾಗದದ ಛತ್ರಿ ಇದ್ದ ಹಾಗೆ, ಮಳೆ ಬರೋವರೆಗೆ ಚೆಂದ. ಬೇರೆ ಕಂಪನಿಗೆ ಫೋನ್ ಮಾಡ್ತೀನಿ. ಈ ಸಲ ಇದ್ದದ್ದು ಇದ್ದ ಹಾಗೆ ಹೇಳು."

ಸ್ಪೀಕರಿನಲ್ಲಿ ಒಂದು ಹೆಣ್ಣುದನಿ ಪ್ರಶ್ನೆಗಳನ್ನು ಓದುತ್ತಾ ಹೋಯಿತು. ಯಾವ ಕಾಯಿಲೆ? ಯಾವ ಮಾತ್ರೆ? ಸೊಸೆ ಪಕ್ಕದಲ್ಲಿ ನಿಂತು ಹೆಸರುಗಳನ್ನು ಹೇಳಿಕೊಟ್ಟಳು.

"ಮಾತ್ರೆ ಶುರುವಾಗೋ ಮುಂಚೆ, ರಾತ್ರಿ ಉಸಿರು ಕಟ್ಟಿ ಎಚ್ಚರವಾದದ್ದು ಎಷ್ಟು ಸಲ?"

"ಒಂದ್..." ಎಂದಳು ಟೀಚರಮ್ಮ. ಮಾತು ನಿಲ್ಲಿಸಿದಳು. ಹೆಚ್ಚು ಹೇಳಿದರೆ ಆಗುವುದಿಲ್ಲ ಎಂದುಬಿಟ್ಟರೆ? ಆಚೆ ಅಕ್ಕ ಕಣ್ಣು ಬಿಟ್ಟು ಕಾಯುತ್ತಿದ್ದಾಳೆ. ಗಂಡನ ಕಡೆ ತಿರುಗಿದಳು.

"ಎಷ್ಟು ಸಲ ರೀ?"

ಈ ಉತ್ತರದಿಂದ ಆಕೆಯನ್ನು ತಡೆಯಬಹುದು ಎಂದು ಆತನಿಗೂ ಗೊತ್ತಿತ್ತು, ಬಿಡಬಹುದು ಎಂದೂ ಗೊತ್ತಿತ್ತು.

"ಮೂರು. ಮೂರನೇ ಸಲ ನೀನು ಕಿಟಕಿ ತೆಗೆದು ನಿಂತಿದ್ದೆ."

"ಎದ್ದಿದ್ರಾ?"

"ನೀನು ಮತ್ತೆ ಮಲಗೋವರೆಗೂ."

"ಮೂರು ಸಲ," ಎಂದು ಟೀಚರಮ್ಮ ಫೋನಿಗೆ ಹೇಳಿದಳು.

ಆಚೆ ಸಂಗೀತ ಹಾಕಿದರು. ಮಗ ತಲೆ ಹಿಡಿದುಕೊಂಡು ಗೋಡೆಗೆ ಒರಗಿದ. ಆ ದರಿದ್ರ ಸಂಗೀತ ಮುಗಿಯುವಂತೆಯೇ ಕಾಣಲಿಲ್ಲ. ಕೊನೆಗೆ ದನಿ ಬಂತು.

"ಹೃದಯಕ್ಕೆ ಸಂಬಂಧಪಟ್ಟ ಯಾವುದಕ್ಕೂ ನಾವು ಹೊಣೆಯಲ್ಲ. ಅದನ್ನ ಬಿಟ್ಟು ಉಳಿದದ್ದಕ್ಕೆ ಪಾಲಿಸಿ ಕೊಡ್ತೀವಿ. ಒಪ್ಪಿಗೇನಾ?"

"ಒಳಗೆ ಬಿಡೋಕೆ ಇಷ್ಟು ಸಾಕು," ಎಂದಳು ಚಿಕ್ಕಮ್ಮ ಮೆಲ್ಲಗೆ. "ಆದ್ರೆ ಅಲ್ಲಿ ಹಾರ್ಟಿಗೇನಾದ್ರೂ ಆದ್ರೆ ನಿನಗೆ ದೇವರೇ ಗತಿ. ಯೋಚ್ನೆ ಮಾಡು."

"ಒಪ್ಪಿಗೆ," ಎಂದಳು ಟೀಚರಮ್ಮ.

ಟ್ಯಾಕ್ಸಿ ಬಂತು. ಮಗ ಸೂಟ್‌ಕೇಸು ಹೊತ್ತು ಮೆಟ್ಟಿಲಿಳಿದ. ಟೀಚರಮ್ಮ ಸೊಸೆಯ ಎರಡೂ ಕೈ ಹಿಡಿದು, "ತಪ್ಪಾಯ್ತು ಮಗಳೇ," ಎಂದಳು. ಸೊಸೆ ಅತ್ತೆಯ ಕೋಟಿನ ಕಾಲರು ಸರಿಮಾಡಿದಳು.

ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಆತನನ್ನು ದಾಟುವಾಗ ಆಕೆ ನಿಲ್ಲಲಿಲ್ಲ.

"ಹೋಗ್ತೀನಿ."

"ಹಾಗನ್ಬೇಡ ಕಣೇ."

ಆಕೆ ಇಳಿದುಹೋದಳು. ಮನೆ ಬಿಡುವವರು ಬರೀ ಹೋಗ್ತೀನಿ ಎನ್ನುವುದಿಲ್ಲ. ಅಷ್ಟೂ ತಿಳಿಯದವಳೇನಲ್ಲ ಟೀಚರಮ್ಮ, ಚುಚ್ಚಲೆಂದೇ ಅಂದದ್ದು. ಟ್ಯಾಕ್ಸಿಯ ಬಾಗಿಲು ತೆಗೆದಳು, ಒಂದು ಕಾಲು ಒಳಗಿಟ್ಟಳು. ಇದೇ ತಾನು ಆತನೊಂದಿಗೆ ಆಡಿದ ಕೊನೆಯ ಮಾತಾಗಿಬಿಟ್ಟರೆ?

"ಅಮ್ಮ, ಹೊತ್ತಾಯ್ತು!" ಎಂದ ಮಗ.

ಟೀಚರಮ್ಮ ಮತ್ತೆ ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ಉಸಿರು ಸಿಕ್ಕಿಕೊಂಡಿತು. ಕಂಬಿ ಹಿಡಿದು ನಿಂತು ಮೇಲೆ ನೋಡಿದಳು. ಆತ ಇನ್ನೂ ಬಾಗಿಲಲ್ಲೇ ಇದ್ದ, ಮುಖವನ್ನು ಆಕೆಯ ಉಸಿರಿನ ಕಡೆಗೆ ತಿರುಗಿಸಿಕೊಂಡು.

"ಹೋಗಿ ಬರ್ತೀನಿ ರೀ."

"ಹ್ಞೂಂ," ಎಂದ ಟೈಲರ್. "ನಿಧಾನಕ್ಕೆ ಇಳಿ."